ಅಕ್ಕನ ಬೇರೆ ತಟ್ಟೆ

2021ರ ಕೊನೆಯಲ್ಲಿ ನನ್ನನ್ನು ವಾರ್ಡಿನ ಕೆಲಸದಿಂದ ಬಿಡಿಸಿ ಒಂದು ಅಧ್ಯಯನಕ್ಕೆ ಹಾಕಿದರು. ಬೆಂಗಳೂರಿನ ಒಂದು ಕ್ಯಾನ್ಸರ್ ಆಸ್ಪತ್ರೆ. ಅಲ್ಲಿಯವರೆಗೆ ನಾನು ಸ್ಟಾಫ್ ನರ್ಸ್, ಅಲ್ಲಿಂದ ಮುಂದೆ ರಿಸರ್ಚ್ ನರ್ಸ್. ಹೆಸರು ಬದಲಾದರೂ ದಿನಚರಿ ಬದಲಾಗಲಿಲ್ಲ. ಬೆಳಿಗ್ಗೆ ರಾಮನಗರದಲ್ಲಿ ಗಂಡ ಹೆಂಡತಿ ಇಬ್ಬರೂ ರೈಲು ಹತ್ತುತ್ತಿದ್ದೆವು. ಅವರು ಬಿಡದಿಯಲ್ಲಿ ಇಳಿದು ಫ್ಯಾಕ್ಟರಿಗೆ ಹೋಗುತ್ತಿದ್ದರು, ನಾನು ಮುಂದಕ್ಕೆ ಹೋಗುತ್ತಿದ್ದೆ.

ಅಧ್ಯಯನ ಅನ್ನನಾಳದ ಕ್ಯಾನ್ಸರ್ ಕುರಿತದ್ದು. ಬಾಯಿಂದ ಹೊಟ್ಟೆಗೆ ಊಟ ಇಳಿಯುವ ಕೊಳವೆಯೇ ಅನ್ನನಾಳ. ಅಲ್ಲಿ ಗೆಡ್ಡೆಯಾದರೆ ಎಂಡೋಸ್ಕೋಪಿ ಮಾಡಿ ಅಕ್ಕಿಕಾಳಿಗಿಂತ ಚಿಕ್ಕ ಚೂರು ತೆಗೆಯುತ್ತಾರೆ. ಅದು ಬಯಾಪ್ಸಿ. ರೋಗಿ ಒಪ್ಪಿದರೆ ಅಂಥದೇ ಇನ್ನೊಂದು ಚೂರನ್ನು ನಮಗಾಗಿ ತೆಗೆದು ಆಳವಾದ ಶೀತದಲ್ಲಿ ಇಡುತ್ತಿದ್ದರು. ಗೆಡ್ಡೆಯೊಳಗೆ ಕ್ಯಾನ್ಸರ್ ಕಣಗಳಷ್ಟೇ ಇರುವುದಿಲ್ಲ, ಅವುಗಳ ವಿರುದ್ಧ ದೇಹ ಕಳಿಸಿದ ರಕ್ಷಣೆಯ ಕಣಗಳೂ ಇರುತ್ತವೆ. ಕೆಲವರಲ್ಲಿ ಅವು ಎಚ್ಚರವಾಗಿದ್ದು ಹೋರಾಡುತ್ತವೆ, ಕೆಲವರಲ್ಲಿ ಸುಮ್ಮನೆ ಕುಳಿತುಬಿಡುತ್ತವೆ. ಯಾವ ಇಮ್ಯೂನ್ ಜೀನ್‌ಗಳು ಎಷ್ಟು ಕೆಲಸ ಮಾಡುತ್ತಿವೆ ಎಂದು ಅಳೆದರೆ ಇದು ಗೊತ್ತಾಗುತ್ತದೆ. ಆ ಅಳತೆಗಳನ್ನೆಲ್ಲ ಸೇರಿಸಿ ಕಂಪ್ಯೂಟರ್ ಒಂದು ಸ್ಕೋರ್ ಕೊಡುತ್ತದೆ. ಸ್ಕೋರ್ ನೋಡಿ ರೋಗಿಗಳನ್ನು ಎರಡು ಗುಂಪು ಮಾಡುತ್ತಾರೆ: ಹೈ ರಿಸ್ಕ್, ಲೋ ರಿಸ್ಕ್. ಯಾವ ಗುಂಪಿನವರು ಎಷ್ಟು ಕಾಲ ಬದುಕಿದರು ಎಂದು ಮುಂದೆ ಹೋಲಿಸುತ್ತಾರೆ. ರೋಗ ಹೇಗೆ ಸಾಗಬಹುದು ಎಂಬ ಇಂಥ ಅಂದಾಜಿಗೆ ಪ್ರೊಗ್ನೋಸಿಸ್ ಎಂದು ಹೆಸರು.

ಯಾರು ಯಾವ ಗುಂಪು ಎಂದು ರೋಗಿಗಳಿಗೆ ಹೇಳುವಂತಿರಲಿಲ್ಲ. ಹೇಳೋಣವೆಂದರೆ ನಮಗೂ ಗೊತ್ತಿರುತ್ತಿರಲಿಲ್ಲ. ಎಲ್ಲ ಚೂರುಗಳನ್ನೂ ಕೊನೆಯಲ್ಲಿ ಒಟ್ಟಿಗೆ ಪರೀಕ್ಷಿಸುವ ಏರ್ಪಾಡು ಅದು. ಜೊತೆಗೆ, ಆ ಸ್ಕೋರ್ ನಂಬಬಹುದೇ ಎಂಬುದೇ ಇನ್ನೂ ತೀರ್ಮಾನವಾಗಿರಲಿಲ್ಲ. ಅದಕ್ಕಾಗಿಯೇ ಅಧ್ಯಯನ.

ನನ್ನ ಪಾಲಿಗೆ ಎರಡು ಕೆಲಸ. ಇದನ್ನೆಲ್ಲ ಕನ್ನಡದಲ್ಲಿ ತಿಳಿಸಿ ಒಪ್ಪಿಗೆ ಪಡೆಯುವುದು ಒಂದು. ಮೂರು ತಿಂಗಳಿಗೊಮ್ಮೆ ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳುವುದು ಇನ್ನೊಂದು. ಹೇಗಿದ್ದೀರಿ ಎಂಬುದು ಮರ್ಯಾದೆಯ ಮಾತು. ಇದ್ದೀರಾ ಎಂದು ತಿಳಿಯುವುದೇ ಆ ಫೋನಿನ ಉದ್ದೇಶ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯವರು ಬಂದರೆ ನನ್ನ ಹತ್ತಿರವೇ ಕಳಿಸುತ್ತಿದ್ದರು. ನಾನು ಹುಟ್ಟಿದ್ದು ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯಲ್ಲಿ, ಅವರ ಮಾತು ನನ್ನ ಮಾತೇ. "ಗಟ್ಟಿ ಆಹಾರ ನುಂಗಲು ತೊಂದರೆ ಇದೆಯೇ" ಎಂದು ಮುದ್ರಿತ ಪ್ರಶ್ನೆ ಕೇಳಿದರೆ ನಮ್ಮವರು ಇಲ್ಲ ಎಂದುಬಿಡುತ್ತಾರೆ. ನಾನು ಕೇಳುತ್ತಿದ್ದುದು "ಮುದ್ದೆ ಇಳೀತೈತಾ?" ಎಂದು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ಇಡಿಯಾಗಿ ನುಂಗುತ್ತೇವೆ. ಅನ್ನನಾಳ ಸ್ವಲ್ಪ ಕಿರಿದಾದರೂ ಮೊದಲು ನಿಲ್ಲುವುದು ಅದೇ. ಆ ಪ್ರಶ್ನೆ ಕೇಳಿದರೆ ಜನ ನಿಜ ಹೇಳುತ್ತಿದ್ದರು.

ಅದೇ ಪ್ರಶ್ನೆಯನ್ನು ಮುಂದಿನ ವರ್ಷ ಶ್ರಾವಣದಲ್ಲಿ ನನ್ನ ಅಕ್ಕನಿಗೆ ಕೇಳಿದೆ.

ಅಕ್ಕ ಜಯಮ್ಮ. ನನಗಿಂತ ಹದಿಮೂರು ವರ್ಷ ದೊಡ್ಡವಳು. ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿಗೆ ಕೊಟ್ಟಿದ್ದರು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಕರೆದೊಯ್ದು ಓದಿಸಿದವಳು ಅವಳೇ. ಹೊಂಗನೂರಿನಿಂದ ಬಸ್ಸಿನಲ್ಲಿ ಚನ್ನಪಟ್ಟಣಕ್ಕೆ ಹೋಗಿ ಪಿಯುಸಿ ಓದಿದೆ, ಆಮೇಲೆ ನರ್ಸಿಂಗ್. ಬಸ್ಸು ಬರುವವರೆಗೂ ಅವಳು ಹಿಪ್ಪುನೇರಳೆ ತೋಟದ ಬದುವಿನಲ್ಲಿ ನಿಂತು ನನ್ನನ್ನು ನೋಡುತ್ತಿದ್ದಳು. ಅವಳದು ರೇಷ್ಮೆಹುಳು ಸಾಕುವ ಮನೆ. ಹುಳುಮನೆಯೊಳಗೆ ಅವಳ ಮಾತೇ ನಡೆಯುತ್ತಿತ್ತು. ಭಾವ ಪುಟ್ಟಸ್ವಾಮಿ ತೋಟದಿಂದ ಸೊಪ್ಪು ತಂದು ಬಾಗಿಲಲ್ಲಿ ಹಾಕಿ, "ಮೇಡಮ್ಮೋರೆ, ಒಳಗೆ ಬರಬೋದಾ?" ಎಂದು ಗೇಲಿ ಮಾಡುತ್ತಿದ್ದರು. "ಕಾಲು ತೊಳ್ಕಂಡು ಬಾ, ಇಲ್ಲಾಂದ್ರೆ ಅಲ್ಲೇ ಬಿದ್ದಿರು" ಎಂದು ಅವಳು ಒಳಗಿನಿಂದಲೇ ಕೂಗುತ್ತಿದ್ದಳು. ಹುಳುಗಳಿಗೆ ರೋಗ ತಗುಲಬಾರದೆಂದು ಬ್ಲೀಚಿಂಗ್ ನೀರಿನಲ್ಲಿ ಕೈಕಾಲು ತೊಳೆಯದೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ, ನನ್ನನ್ನೂ.

ಆ ಶ್ರಾವಣ ಶನಿವಾರ ಊಟಕ್ಕೆ ಕುಳಿತಿದ್ದೆವು. ಎಲ್ಲರ ತಟ್ಟೆಯಲ್ಲೂ ಮುದ್ದೆ ಇತ್ತು, ಅಕ್ಕನ ತಟ್ಟೆಯಲ್ಲಿ ನಿಂಬೆಹಣ್ಣಿನಷ್ಟು ಮಾತ್ರ. ಅದಕ್ಕೂ ಸಾರು ಸುರಿದು ಕಿವುಚುತ್ತಿದ್ದಳು.

"ನಿಮ್ಮಕ್ಕ ಈಗ ಟೌನಿನೋಳು ಕಣಮ್ಮ ರತ್ನ. ಮುದ್ದೆ ಆಗಲ್ವಂತೆ, ಬ್ರೆಡ್ಡು ಹಾಲು ಬೇಕಂತೆ" ಎಂದರು ಭಾವ.

"ನೀನು ಸುಮ್ಕೆ ಉಣ್ಣು" ಎಂದಳು ಅಕ್ಕ.

"ಅಕ್ಕ, ಮುದ್ದೆ ಇಳೀತೈತಾ?"

"ಒಸಿ ನಿಧಾನಕ್ಕೆ ಇಳೀತದೆ. ಹಲ್ಲು ಸರಿಗಿಲ್ಲ ಕಣೆ."

"ಮುದ್ದೆಗೆ ಹಲ್ಯಾಕೆ ಅಕ್ಕ?"

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಅವಳ ಮೊಮ್ಮಗಳು ಚಿನ್ನಿಗೆ ಆಗಿನ್ನೂ ಮಾತು ಬರುತ್ತಿರಲಿಲ್ಲ, ಎಲ್ಲರೂ ನಗುತ್ತಾರೆಂದು ಅದೂ ನಕ್ಕಿತು. ನಾನು ಅಕ್ಕನ ಸೊಂಟದ ಕಡೆ ನೋಡಿದೆ. ಅಲ್ಲಿ ಎಲೆಅಡಿಕೆ ಚೀಲ ಇತ್ತು. ಮದುವೆಯಾದಾಗಿನಿಂದ ಅದರ ಜೊತೆ ಕಡ್ಡಿಪುಡಿ ಹೊಗೆಸೊಪ್ಪು ಹಾಕುತ್ತಿದ್ದಳು, ಈ ಕ್ಯಾನ್ಸರಿಗೆ ಅದೂ ಒಂದು ಕಾರಣ. ಕಣ್ಣಾರೆ ನೋಡಿದ್ದರೂ ಅಲ್ಲಿಯವರೆಗೆ ಅದು ನನಗೆ ಅಕ್ಕನ ಚೀಲ ಮಾತ್ರವಾಗಿತ್ತು.

ಎಂಡೋಸ್ಕೋಪಿಯಲ್ಲಿ ಅನ್ನನಾಳದ ನಡುಭಾಗದಲ್ಲಿ ಗೆಡ್ಡೆ ಕಂಡಿತು. ಸ್ಕ್ವಾಮಸ್ ಸೆಲ್ ಕಾರ್ಸಿನೋಮ. ನಮ್ಮ ಕಡೆ ಹೆಚ್ಚಾಗಿ ಕಾಣುವುದು ಅದೇ ಬಗೆ. ಪಕ್ಕದ ಒಂದು ಲಿಂಫ್ ಗಂಟಿಗೂ ಹರಡಿತ್ತು, ಆದರೆ ಬೇರೆ ಅಂಗಗಳಿಗೆ ಹೋಗಿರಲಿಲ್ಲ. ನಮ್ಮ ಡಾಕ್ಟರ್ ಮೇಡಂ ಸ್ಪಷ್ಟವಾಗಿ ಹೇಳಿದರು: ಮೊದಲು ಐದು ವಾರ ರೇಡಿಯೇಶನ್, ವಾರಕ್ಕೊಮ್ಮೆ ಕೀಮೋ. ಆಮೇಲೆ ದೇಹ ಚೇತರಿಸಿಕೊಳ್ಳಲು ಒಂದೂವರೆ ಎರಡು ತಿಂಗಳ ವಿರಾಮ. ಅದಾದ ಕೂಡಲೇ ಆಪರೇಶನ್ ಮಾಡಿ ಆ ಭಾಗ ತೆಗೆಯಬೇಕು. ಗುಣವಾಗುವ ಅವಕಾಶ ಇದೆ, ಆದರೆ ಮೂರೂ ಆಗಬೇಕು, ಸಮಯಕ್ಕೆ ಆಗಬೇಕು.

ಅಕ್ಕ ಅಧ್ಯಯನಕ್ಕೆ ಸೇರಬಹುದಾಗಿತ್ತು. ಸಂಬಂಧಿಕಳಾದ್ದರಿಂದ ನಾನು ಒಪ್ಪಿಗೆ ಕೇಳಬಾರದೆಂದು ಮೇಡಮ್ಮೇ ಕುಳಿತು ವಿವರಿಸಿದರು. ನಾನು ಪಕ್ಕದಲ್ಲಿದ್ದೆ. ಮೇಡಂ ಜೀನ್, ರಕ್ಷಣೆಯ ಕಣ, ಎರಡು ಗುಂಪು ಎಂದು ಹೇಳುತ್ತಾ ಹೋದರು. ಅಕ್ಕ ಗಮನ ಕೊಟ್ಟು ಕೇಳಿದಳು.

"ಅಂದ್ರೆ ನಮ್ಮ ಹುಳಮನೆ ಇದ್ದಂಗೆ" ಎಂದಳು. "ಒಂದೇ ಸೊಪ್ಪು ಹಾಕಿರ್ತೀವಿ. ಕೆಲವು ಹುಳಕ್ಕೆ ಹಾಲುರೋಗ ಬತ್ತದೆ, ಕೆಲವಕ್ಕೆ ಏನೂ ಆಗಲ್ಲ."

ಮೇಡಂಗೆ ಬಹಳ ಸಂತೋಷವಾಯಿತು. "ಕರೆಕ್ಟ್ ಜಯಮ್ಮ. ಯಾಕೆ ಹಾಗಾಗುತ್ತೆ ಅಂತಾನೇ ನಾವು ಹುಡುಕ್ತಿರೋದು."

"ನಾನ್ಯಾವ ಗುಂಪು ಅಂತ ಹೇಳ್ತೀರಾ?"

"ಇಲ್ಲಮ್ಮ. ಅದನ್ನ ಯಾರಿಗೂ ಹೇಳಲ್ಲ."

ಅಕ್ಕ ನನ್ನ ಮುಖ ನೋಡಿದಳು. ನಂತರ ಪೆನ್ನು ತೆಗೆದುಕೊಂಡು, ಒಂದೊಂದೇ ಅಕ್ಷರ ಬರೆದು ಸಹಿ ಹಾಕಿದಳು.

ಚಿಕಿತ್ಸೆ ನಡೆದಷ್ಟೂ ದಿನ ಅವಳು ರಾಮನಗರದ ನಮ್ಮ ಮನೆಯಲ್ಲಿದ್ದಳು. ಮೂವರೂ ಒಂದೇ ರೈಲಿನಲ್ಲಿ ಹೋಗುತ್ತಿದ್ದೆವು. ಬಿಡದಿಯಲ್ಲಿ ನನ್ನವರು ಇಳಿದಾಗ ಅಕ್ಕ ಕಿಟಕಿಯಿಂದ, "ಹುಷಾರಾಗಿ ಹೋಗ್ಬನ್ನಿ ಸ್ವಾಮಿ" ಎಂದು ಅವರನ್ನು ಸ್ಕೂಲಿಗೆ ಕಳಿಸುವ ಹಾಗೆ ಹೇಳುತ್ತಿದ್ದಳು. ತಟ್ಟೆ ಲೋಟ ಹೊಂಗನೂರಿನಿಂದಲೇ ತಂದಿದ್ದಳು, ತಾನೇ ತೊಳೆದು ಕಿಟಕಿಯ ಮೇಲೆ ಬೇರೆಯಾಗಿ ಇಡುತ್ತಿದ್ದಳು. ಯಾರ ಮನೆಗೆ ಹೋದರೂ ಕೆಲಸ ಮಾಡದೆ ಕೂರುವವಳಲ್ಲ, ಅದಕ್ಕೆ ಹೀಗೆ ಎಂದುಕೊಂಡೆವು.

ಮೂರನೆಯ ವಾರದಲ್ಲಿ ಗಂಟಲು ಬೆಂದಂತಾಗಿ ನೀರು ಕುಡಿಯಲೂ ಅಳುತ್ತಿದ್ದಳು. ರೇಡಿಯೇಶನ್ ಮುಗಿದು ಕೆಲವು ವಾರಗಳಾದ ಮೇಲೆ ಊರಿನಿಂದ ಫೋನ್ ಮಾಡಿದಳು: "ರತ್ನಿ, ಮುದ್ದೆ ಇಳೀತು ಕಣೆ." ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತಿದ್ದ ನಾನು ಅಲ್ಲೇ ಅತ್ತೆ. ಗೆಡ್ಡೆ ಕುಗ್ಗಿತ್ತು. ಆಪರೇಶನ್ನಿಗೆ ದಿನ ಗೊತ್ತಾಯಿತು.

ಆ ದಿನ ಅವಳು ಬರಲಿಲ್ಲ. "ಹುಳ ನಾಕನೇ ಜ್ವರಕ್ಕೆ ಕೂತವೆ, ಬುಟ್ಟು ಹೆಂಗೆ ಬರ್ಲಿ?" ಎಂದಳು. ರೇಷ್ಮೆಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು ಸುಮ್ಮನೆ ಕುಳಿತು ಪೊರೆ ಕಳಚುತ್ತದೆ. ಅದನ್ನೇ ಜ್ವರ ಎನ್ನುತ್ತಾರೆ. ನಾಲ್ಕನೆಯದು ಮುಗಿದ ಮೇಲೆ ಹುಳು ವಿಪರೀತ ತಿನ್ನುತ್ತದೆ, ಮನೆಮಂದಿಗೆಲ್ಲ ಬಿಡುವಿಲ್ಲದ ಕೆಲಸ. ನಾನು ಅದನ್ನು ಕಂಡು ಬೆಳೆದವಳು. ಇನ್ನೊಂದು ದಿನ ಗೊತ್ತು ಮಾಡಿಸಿದೆ. ಆಗ, "ಹುಳ ಹಣ್ಣಾಗವೆ, ಚಂದ್ರಿಕೆಗೆ ಬುಡ್ಬೇಕು" ಎಂದಳು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ ಚಂದ್ರಿಕೆ. ಅದೂ ಮುಗಿದ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟಳು.

ಮೇಡಂ ನನ್ನನ್ನು ಕರೆದು ಹೇಳಿದರು: "ರತ್ನ, ಇನ್ನೂ ತಡವಾದರೆ ರೇಡಿಯೇಶನ್ ಆದ ಜಾಗ ಗಟ್ಟಿಯಾಗಿ ಆಪರೇಶನ್ ಕಷ್ಟವಾಗುತ್ತೆ. ಒಳಗೆ ಉಳಿದಿರೋ ಕಣಗಳು ಮತ್ತೆ ಬೆಳೆಯುತ್ತವೆ. ಹೋಗಿ ಕರ್ಕೊಂಡು ಬನ್ನಿ."

ಮಾರನೆಯ ದಿನ ರಜೆ ಹಾಕಿ ಹೊಂಗನೂರಿಗೆ ಹೋದೆ. ಮಧ್ಯಾಹ್ನವಾಗಿತ್ತು. ನೇರ ಹುಳುಮನೆಗೆ ಹೋಗಿ ಬಾಗಿಲಲ್ಲಿ ನಿಂತು ಅಕ್ಕ ಎಂದು ಕೂಗಿದೆ. ಒಳಗಿನಿಂದ ಬಂದವಳು ಸೊಸೆ ಸವಿತ. ಕೈಯೆಲ್ಲ ಸೊಪ್ಪಿನ ಕರೆ.

"ಅತ್ತೆ ಒಳಗೆ ಬರಲ್ವಲ್ಲ ಚಿಕ್ಕಮ್ಮ. ಆಸ್ಪತ್ರೆಯಿಂದ ಬಂದಾಗಿಂದ ಒಂದ್ಸಲಾನೂ ಬಂದಿಲ್ಲ."

"ಮತ್ತೆ ಹುಳ ನೋಡ್ಕೊಬೇಕು ಅಂದ್ಲು?"

"ಹೋದ ಬೆಳೆ ಪೂರ್ತಿ ನಾನು, ಮಾವ ಮಾಡಿದ್ದು. ‘ಕರೆಂಟು ಕೊಟ್ಟವ್ರೆ, ನಾನು ಹುಳದ ಹತ್ರ, ಮಗೀನ ಹತ್ರ ಹೋಗ್ಬಾರ್ದು ಅಂತ ಆಸ್ಪತ್ರೆಯವ್ರೇ ಹೇಳವ್ರೆ’ ಅಂದ್ರು ಅತ್ತೆ. ನಿಮ್ಗೆ ಗೊತ್ತೈತೆ ಅಂದ್ಕಂಡಿದ್ದೆ."

ಕರೆಂಟು ಎಂದರೆ ನಮ್ಮ ಕಡೆಯವರ ಬಾಯಲ್ಲಿ ರೇಡಿಯೇಶನ್. ನಮ್ಮ ಆಸ್ಪತ್ರೆಯಲ್ಲಿ ಯಾರೂ ಹಾಗೆ ಹೇಳಿರಲಿಲ್ಲ. ಅವಳಿಗೆ ಕೊಟ್ಟದ್ದು ಹೊರಗಿನಿಂದ ಬೀಳುವ ಕಿರಣ. ಯಂತ್ರ ನಿಂತ ಮೇಲೆ ದೇಹದಲ್ಲಿ ಏನೂ ಉಳಿಯುವುದಿಲ್ಲ, ಬೇರೆಯವರಿಗೆ ತೊಂದರೆಯೂ ಇಲ್ಲ. ಸವಿತ ಕೈ ತೋರಿಸಿದ ಕಡೆ ಹೋದೆ. ಹಳೆಯ ಚಂದ್ರಿಕೆಗಳನ್ನು ಒರಗಿಸಿಡುವ ಕೊಟ್ಟಿಗೆ. ಅಲ್ಲಿ ಒಂದು ಚಾಪೆ, ಒಂದು ಹೊದಿಕೆ, ಗೋಡೆಗೆ ಒರಗಿಸಿದ ತಟ್ಟೆ ಲೋಟ. ಅಕ್ಕ ಬಾಗಿಲ ಹತ್ತಿರ ಕುಳಿತಿದ್ದಳು. ಅಂಗಳದಲ್ಲಿ ಆಡುತ್ತಿದ್ದ ಚಿನ್ನಿ ಅವಳ ಕಡೆ ಓಡಿ ಬಂದರೆ, "ಸವಿತಾ, ಮಗೀನ ಎತ್ಕೋ" ಎಂದು ಕೂಗುತ್ತಿದ್ದಳು. ಆ ಮಗು ಅಜ್ಜಿಯ ಹತ್ತಿರ ಬರುವುದು, ಅಜ್ಜಿ ಕೂಗುವುದು, ಅವರಿಬ್ಬರಿಗೂ ಅದು ಆಟವೇ ಆಗಿಹೋಗಿತ್ತು.

"ಬಂದ್ಬುಟ್ಯಾ" ಎಂದಳು ನನ್ನನ್ನು ನೋಡಿ.

"ಇಲ್ಯಾಕೆ ಕೂತಿದೀಯ ಅಕ್ಕ?"

"ಗಾಳಿ ಚೆನ್ನಾಗೈತೆ."

ಮಧ್ಯಾಹ್ನದ ಬಿಸಿಲಿಗೆ ಶೀಟಿನ ಸೂರು ಕಾದು ಉರಿಯುತ್ತಿತ್ತು. ನಾನು ಪಕ್ಕದಲ್ಲಿ ಕುಳಿತೆ. ಅವಳು ಒಂದು ಮೊಳ ಸರಿದಳು.

"ಆಪರೇಶನ್ ಬೇಡ ಅಂತ ತೀರ್ಮಾನ ಮಾಡಿದೀಯಾ?"

"ಹೂಂ."

"ಯಾಕೆ? ಭಯಾನಾ?"

"ಭಯ ಅಲ್ಲ ಕಣೆ. ಕಾಯಿಲೆ ಹುಳಕ್ಕೆ ಯಾರಾದ್ರೂ ಸೊಪ್ಪು ಹಾಕ್ತಾರಾ?"

ನನಗೆ ಮೊದಲು ಅರ್ಥವಾಗಲಿಲ್ಲ. ಅವಳೇ ನಿಧಾನವಾಗಿ ಹೇಳಿದಳು. ಹಾಲುರೋಗ ಬಂದ ಹುಳು ಊದಿಕೊಂಡು ಅಂಚಿನಲ್ಲಿ ಓಡಾಡುತ್ತದೆ. ಒಡೆದರೆ ಹಾಲಿನಂಥ ನೀರು ಬರುತ್ತದೆ. ಆ ನೀರು ಬಿದ್ದ ಸೊಪ್ಪನ್ನು ತಿಂದ ಹುಳುಗಳಿಗೂ ರೋಗ. ಅದಕ್ಕೆ ಕಂಡ ಕೂಡಲೇ ಎತ್ತಿ ಸುಣ್ಣದ ನೀರಿಗೆ ಹಾಕುತ್ತಾರೆ. ಕನಿಕರ ಮಾಡಿ ಬಿಟ್ಟರೆ ಬೆಳೆಯೇ ಹೋಗುತ್ತದೆ. ಇದನ್ನು ಅಕ್ಕ ನನಗೆ ಚಿಕ್ಕಂದಿನಲ್ಲೇ ಕಲಿಸಿದ್ದಳು. ಈಗ ಅದನ್ನೇ ತನ್ನ ಮೇಲೆ ಹಾಕಿಕೊಂಡಿದ್ದಳು.

"ನೀನು ಆ ಕೆಟ್ಟ ಗುಂಪು ಅಂತ ಯಾರು ಹೇಳಿದ್ರು?"

"ಹೇಳ್ಬೇಕಾ? ಒಳ್ಳೇದಾಗಿದ್ರೆ ಹೇಳ್ದೆ ಇರ್ತಿದ್ರಾ? ನಮ್ಮತ್ತೆಗೆ ಕಾಯಿಲೆ ಆದಾಗ ನಾವೂ ಹೇಳಿರ್ಲಿಲ್ಲ. ಕೆಟ್ಟದ್ನೇ ತಾನೆ ಬಚ್ಚಿಡೋದು? ನಿನ್ ಮುಖ ನೋಡ್ದೆ ಅವತ್ತು. ನಿಂಗೂ ಗೊತ್ತಿತ್ತು."

"ನಂಗೆ ಗೊತ್ತಿಲ್ಲ ಅಕ್ಕ. ಆ ಚೂರು ಇನ್ನೂ ಫ್ರೀಜರ್‌ನಲ್ಲೇ ಐತೆ. ಯಾರೂ ನೋಡೇ ಇಲ್ಲ. ಮೇಡಂಗೂ ಗೊತ್ತಿಲ್ಲ."

ಅವಳು ನಂಬಿದಂತೆ ಕಾಣಲಿಲ್ಲ. ಅಷ್ಟರಲ್ಲಿ ಸವಿತ ಊಟ ತಂದಳು. ಎರಡು ತಟ್ಟೆ. ಅಕ್ಕನ ತಟ್ಟೆಗೆ ಮೇಲಿನಿಂದ, ಮುಟ್ಟದ ಹಾಗೆ, ಮುದ್ದೆ ಹಾಕಿದಳು. ಅದು ಅಕ್ಕನೇ ಕಲಿಸಿದ ರೀತಿ ಇರಬೇಕು. ಅಕ್ಕ ಒಂದು ತುತ್ತು ಮುರಿದು ನುಂಗಿದಳು. ನಾನು ನನ್ನ ತಟ್ಟೆ ಆಚೆ ಇಟ್ಟು, ಅವಳ ತಟ್ಟೆಗೆ ಕೈ ಹಾಕಿ ಮುದ್ದೆ ಮುರಿದು ಬಾಯಿಗಿಟ್ಟುಕೊಂಡೆ.

"ಏಯ್! ಎಂಜಲು ಕಣೇ! ಉಗಿ, ಉಗಿ ಅದ್ನ!" ನನ್ನ ದವಡೆ ಹಿಡಿದು ಬಾಯಿ ತೆರೆಸಲು ನೋಡಿದಳು, ಮಣ್ಣು ತಿಂದ ಮಗುವಿಗೆ ಮಾಡುವ ಹಾಗೆ. ನಾನು ನುಂಗಿಬಿಟ್ಟೆ. ಇನ್ನೊಂದು ತುತ್ತು ಮುರಿದೆ.

"ಇದು ಅಂಟೋ ಕಾಯಿಲೆ ಆಗಿದ್ರೆ ಇಷ್ಟು ವರ್ಷ ಆ ವಾರ್ಡಲ್ಲಿ ಕೆಲಸ ಮಾಡಿ ನಾನ್ಯಾವಾಗ್ಲೋ ಸತ್ತೋಗಿರ್ತಿದ್ದೆ. ನೋಡು, ಕಲ್ಲುಗುಂಡಿನಂಗೆ ಕೂತಿದೀನಿ."

"ಕಲ್ಲುಗುಂಡೇ ಕಣೆ ನೀನು, ಮುಂಡೇದೆ" ಎಂದಳು. ಬೈಯುತ್ತಲೇ ಅಳು ಬಂತು. ಬಹಳ ಹೊತ್ತು ಅತ್ತಳು. ನಾನು ಅವಳ ತಟ್ಟೆಯಿಂದ ಉಣ್ಣುತ್ತಲೇ ಇದ್ದೆ. ತೋಟದಿಂದ ಬಂದ ಭಾವ ಸೊಪ್ಪಿನ ಹೊರೆ ತಲೆಯ ಮೇಲಿದ್ದಂತೆಯೇ ನಿಂತು ನೋಡಿದರು.

ಅಳು ನಿಂತ ಮೇಲೆ ಅಕ್ಕ ಕೇಳಿದ್ದು ಒಂದೇ ಮಾತು. "ಹಂಗಾದ್ರೆ ಮಗೀನ ಎತ್ಕೋಬೋದಾ?"

ಸವಿತ ಮಗುವನ್ನು ತಂದು ತೊಡೆಯ ಮೇಲೆ ಕೂರಿಸಿದಳು. ಚಿನ್ನಿ ಅಜ್ಜಿಯ ಮುಖ ನೋಡಿ, ಆಟ ನಿಂತಿತೇಕೆಂದು ತಿಳಿಯದೆ ಇಳಿದು ಓಡಲು ಹೋಯಿತು. ಅಕ್ಕ ಬಿಡಲಿಲ್ಲ.

ಅದೇ ವಾರ ಆಸ್ಪತ್ರೆಗೆ ಸೇರಿಸಿದೆವು. ಆಪರೇಶನ್ ಆಯಿತು. ಗೆಡ್ಡೆ ಇದ್ದ ಭಾಗ ತೆಗೆದು, ಹೊಟ್ಟೆಯನ್ನೇ ಕೊಳವೆಯಂತೆ ಮಾಡಿ ಮೇಲಕ್ಕೆಳೆದು ಜೋಡಿಸುತ್ತಾರೆ. ಚೇತರಿಕೆ ನಿಧಾನವಾಗಿತ್ತು. ತೆಗೆದ ಭಾಗವನ್ನು ಪರೀಕ್ಷಿಸಿದಾಗ ಇನ್ನೂ ಜೀವಂತ ಕ್ಯಾನ್ಸರ್ ಕಣಗಳಿದ್ದವು, ಒಂದಕ್ಕಿಂತ ಹೆಚ್ಚು ಗಂಟುಗಳಲ್ಲಿ. ರಿಪೋರ್ಟ್ ನೋಡಿ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಸಮಯಕ್ಕೆ ಬಂದಿದ್ದರೆ ಬೇರೆಯಾಗಿರುತ್ತಿತ್ತೇ ಎಂದು ನಾನು ಕೇಳಿದೆ. "ಗೊತ್ತಿಲ್ಲ ರತ್ನ. ಗೊತ್ತಿದೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ" ಎಂದರು.

ಆದರೂ ಒಂದಷ್ಟು ಒಳ್ಳೆಯ ದಿನಗಳು ಸಿಕ್ಕವು. ಅಕ್ಕ ಕಾಲು ತೊಳೆದು ಹುಳುಮನೆಯೊಳಗೆ ಹೋದಳು. ಸವಿತಳ ಕೆಲಸದಲ್ಲಿ ಹುಳುಕು ಹುಡುಕಿ ಬೈದಳು, ಭಾವನನ್ನು ಬಾಗಿಲಲ್ಲಿ ನಿಲ್ಲಿಸಿದಳು. ಒಂದು ಬೆಳೆ ಪೂರ್ತಿ ಅವಳ ಕೈಯಲ್ಲೇ ಆಯಿತು. ಗೂಡು ರಾಮನಗರದ ಮಾರುಕಟ್ಟೆಗೆ ಬಂದ ದಿನ ಅವಳೂ ಬಂದಿದ್ದಳು. ಗೂಡಿನ ರಾಶಿಯ ಪಕ್ಕ ನಿಂತವಳು ನನ್ನ ಕಣ್ಣಿಗೆ ಯಾವ ಕಾಯಿಲೆಯವಳಂತೆಯೂ ಕಾಣಲಿಲ್ಲ.

ನಂತರ ಧ್ವನಿ ಒಡೆಯಿತು. ಸ್ಕ್ಯಾನ್ ಮಾಡಿದಾಗ ಲಿವರಿನಲ್ಲೂ ಕ್ಯಾನ್ಸರ್ ಕಾಣಿಸಿತು. ಇಮ್ಯುನೊಥೆರಪಿ ಕೊಟ್ಟರು. ಅದು ಕ್ಯಾನ್ಸರನ್ನು ನೇರವಾಗಿ ಕೊಲ್ಲುವ ಔಷಧಿಯಲ್ಲ, ದೇಹದ ರಕ್ಷಣೆಯ ಕಣಗಳನ್ನು ಎಬ್ಬಿಸಿ ಹೋರಾಡಲು ಬಿಡುವ ಔಷಧಿ. ಕೆಲವರಿಗೆ ಅದು ಆಶ್ಚರ್ಯ ಎನ್ನುವಷ್ಟು ಕೆಲಸ ಮಾಡುತ್ತದೆ. ಅಕ್ಕನಿಗೆ ಮಾಡಲಿಲ್ಲ. 2023ರ ಕಾರ್ತಿಕದಲ್ಲಿ, ಬೆಳಗಿನ ಹೊತ್ತು, ಹೊಂಗನೂರಿನ ಮನೆಯ ನಡುಮನೆಯಲ್ಲಿ ಅವಳು ಹೋದಳು. ಅವಳು ಮಲಗಿದ್ದದ್ದು ಮನೆಯ ಮಧ್ಯದಲ್ಲಿ, ಎಲ್ಲರೂ ಸುತ್ತಲೂ ಇದ್ದೆವು. ಚಿನ್ನಿ ಅವಳ ಕಾಲಿನ ಹತ್ತಿರ ನಿದ್ದೆ ಮಾಡುತ್ತಿತ್ತು. ನಾನು ಎಷ್ಟೋ ಜನರ ನಾಡಿ ಹಿಡಿದು ಮುಗಿಯಿತು ಎಂದು ಹೇಳಿದ್ದೇನೆ. ಅಲ್ಲಿ ಹೇಳಲಾಗಲಿಲ್ಲ. ಭಾವ ನನ್ನ ಮುಖ ನೋಡಿ ತಿಳಿದುಕೊಂಡರು.

ತಿಥಿ ಕಳೆದು ಕೆಲಸಕ್ಕೆ ಹೋದಾಗ ಫೋನ್ ಮಾಡಬೇಕಾದವರ ಪಟ್ಟಿ ಕಾದಿತ್ತು. ಅದರಲ್ಲಿ ಹೊಂಗನೂರಿನ ನಂಬರೂ ಇತ್ತು. ಜೊತೆಯ ಹುಡುಗಿ, "ಅದೊಂದು ನಾನು ನೋಡ್ಕೋತೀನಿ ಸಿಸ್ಟರ್" ಎಂದಳು. ಬೇಡವೆಂದೆ. ಫೋನ್ ಮಾಡುವ ಅಗತ್ಯವಿರಲಿಲ್ಲ, ತಾರೀಕು ಬರೆಯುವುದಷ್ಟೇ. ಬರೆದೆ. ಮುಂದಿನ ನಂಬರು ಕನಕಪುರದ ಕಡೆಯ ಯಜಮಾನರೊಬ್ಬರದು.

"ಏನವ್ವ ರತ್ನಮ್ಮ, ಇದ್ದಾನೋ ಹೋದ್ನೋ ಅಂತ ನೋಡ್ತಿದೀಯಾ?" ಎಂದರು ಎತ್ತಿದವರೇ. "ಇವ್ನಿ ಕಣವ್ವ. ಬೆಳಿಗ್ಗೆ ಮುದ್ದೆ ಉಂಡಿದೀನಿ. ಅಲ್ಲ, ಈ ಸಲ ನಿನ್ ದನಿ ಯಾಕೆ ಕಮ್ಮಿ? ನಿನ್ಗೇ ಹುಷಾರಿಲ್ವಾ?"

ನೆಗಡಿ ಎಂದು ಹೇಳಿದೆ.

ಮರುವರ್ಷ ಎಲ್ಲ ಚೂರುಗಳ ಪರೀಕ್ಷೆ ಮುಗಿಯಿತು. ಗುಂಪುಗಳಾಗಿ ನೋಡಿದಾಗ ಸ್ಕೋರ್ ತಕ್ಕಮಟ್ಟಿಗೆ ಕೆಲಸ ಮಾಡಿತ್ತು. ಲೋ ರಿಸ್ಕ್ ಗುಂಪಿನವರು ಒಟ್ಟಾರೆ ಹೆಚ್ಚು ಕಾಲ ಬದುಕಿದ್ದರು. ಗ್ರಾಫಿನಲ್ಲಿ ಎರಡು ಗೆರೆಗಳು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತಾ ದೂರವಾಗಿದ್ದವು. ಒಂದೊಂದು ಮೆಟ್ಟಿಲೂ ಒಬ್ಬರ ಸಾವು. ಮೇಡಂ ನನಗೆ ಆ ಗ್ರಾಫ್ ತೋರಿಸಿ ಹೇಳಿದರು: ಅಕ್ಕ ಲೋ ರಿಸ್ಕ್ ಗುಂಪಿನವಳು. ಅವಳ ಗೆಡ್ಡೆಯಲ್ಲಿ ರಕ್ಷಣೆಯ ಕಣಗಳು ಎಚ್ಚರವಾಗಿದ್ದವು. ಕನಕಪುರದ ಯಜಮಾನರು ಹೈ ರಿಸ್ಕ್. ಮೇಲಿನ ಗೆರೆಯಲ್ಲಿ ಬೇಗ ಬಿದ್ದ ಮೆಟ್ಟಿಲುಗಳಲ್ಲಿ ಒಂದು ಅಕ್ಕನದು. ಕೆಳಗಿನ ಗೆರೆಯ ತುದಿಯಲ್ಲಿ ಇನ್ನೂ ಬೀಳದೆ ಉಳಿದವರಲ್ಲಿ ಅವರೊಬ್ಬರು.

"ಮನೆಯವರು ಕೇಳಿದರೆ ಏನು ಹೇಳಲಿ ಮೇಡಂ?"

"ಅಧ್ಯಯನ ಮುಗಿದಿದೆ, ಕೇಳಿದರೆ ನಿಜಾನೇ ಹೇಳಿ. ಅದು ಎಷ್ಟು ಹೇಳುತ್ತೆ, ಎಷ್ಟು ಹೇಳಲ್ಲ ಅನ್ನೋದನ್ನೂ ಹೇಳಿ."

ಭಾವ ಕೇಳಿಯೇ ಕೇಳಿದರು. ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದರು, ನಾನು ಬದುವಿನಲ್ಲಿ ಕುಳಿತಿದ್ದೆ. ತಲೆ ಎತ್ತದೆ ಕೇಳಿದರು.

"ರತ್ನ, ಆ ನಿಮ್ಮ ಪರೀಕ್ಷೆ ಮುಗೀತಾ? ಈಗಾದ್ರೂ ಹೇಳವ್ವ. ನಿಮ್ಮಕ್ಕ ಯಾವ ಗುಂಪು?"

"ಲೋ ರಿಸ್ಕ್ ಭಾವ. ಮೈಯಲ್ಲಿ ಹೋರಾಡೋ ಶಕ್ತಿ ಇರೋ ಗುಂಪು."

ಕುಡುಗೋಲು ನಿಂತಿತು.

"ಹಂಗಾದ್ರೆ ಅವ್ಳು ಹಾಲುಹುಳ ಆಗಿರ್ಲಿಲ್ಲ."

"ಇಲ್ಲ ಭಾವ."

"ಆದ್ರೂ ಹೋದ್ಲಲ್ಲ."

"ಅದು ಗುಂಪಿನ ಲೆಕ್ಕ ಭಾವ. ಒಬ್ಬೊಬ್ಬರಿಗೆ ಏನಾಗುತ್ತೆ ಅಂತ ಅದಕ್ಕೆ ಹೇಳೋಕಾಗಲ್ಲ."

ಅವರು ಕೊಯ್ದ ಸೊಪ್ಪನ್ನು ಕೈಯಲ್ಲಿ ಹಿಡಿದು ನಿಂತರು. "ಮಗೀನ ಎತ್ಕಳ್ದೆ ಕೂತಿದ್ಲು ಕಣವ್ವ, ಆ ಕೊಟ್ಟಿಗೇಲಿ. ನಾನೂ ಬುಟ್ಟೆ, ಆಸ್ಪತ್ರೆಯವ್ರು ಹೇಳವ್ರೆ ಅಂತ. ಆ ಗುಂಪಲ್ಲ ಅಂತ ಅವತ್ತೇ ಗೊತ್ತಾಗಿದ್ರೆ..."

"ಆ ಗುಂಪೇ ಆಗಿದ್ರೂ ಅವಳು ಅಲ್ಲಿ ಕೂರಬೇಕಾಗಿರಲಿಲ್ಲ ಭಾವ."

ಅವರು ನನ್ನನ್ನು ನೋಡಿದರು. ತಲೆಯಾಡಿಸಿ ಮತ್ತೆ ಬಗ್ಗಿ ಕೊಯ್ಯತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ ನಾನೂ ಎದ್ದು ಇನ್ನೊಂದು ಸಾಲು ಹಿಡಿದೆ.

ಈಗ ಆಸ್ಪತ್ರೆಯಲ್ಲಿ ಇನ್ನೊಂದು ಅಧ್ಯಯನ ನಡೆಯುತ್ತಿದೆ. ಇದರಲ್ಲೂ ಜೀನ್, ಇದರಲ್ಲೂ ಗುಂಪು. ವಿವರಿಸುವ ಕೆಲಸ ನನ್ನದೇ. ಮುದ್ರಿತ ಹಾಳೆಯಲ್ಲಿ ಇರುವುದನ್ನೆಲ್ಲ ಮೊದಲಿನಂತೆಯೇ ಹೇಳುತ್ತೇನೆ. ಗುಂಪು ಹೇಳುವುದಿಲ್ಲ ಎಂದಾಗ ಅಲ್ಲಿಗೆ ನಿಲ್ಲಿಸದೆ, ನಮಗೂ ಗೊತ್ತಿರುವುದಿಲ್ಲ, ಕೆಟ್ಟದೆಂದು ಮುಚ್ಚಿಡುತ್ತಿಲ್ಲ ಎನ್ನುತ್ತೇನೆ. ಹೊರಗೆ ಕುಳಿತಿರುವ ಮನೆಯವರನ್ನೂ ಒಳಗೆ ಕರೆಸುತ್ತೇನೆ. ಅವರೆಲ್ಲರ ಎದುರಿಗೆ, ಹಾಳೆಯಲ್ಲಿ ಇಲ್ಲದ ಮಾತೊಂದನ್ನು ಹೇಳುತ್ತೇನೆ. ಈ ಕ್ಯಾನ್ಸರ್ ಅಂಟುವ ಕಾಯಿಲೆಯಲ್ಲ, ಒಟ್ಟಿಗೆ ಊಟ ಮಾಡಿ, ಮಕ್ಕಳನ್ನು ಎತ್ತಿಕೊಳ್ಳಿ. ಜೀನ್ ಬಗ್ಗೆ ಏನೂ ಕಲಿಯದ ಮನುಷ್ಯನಿಗೂ ಗೊತ್ತಿರುವ ವಿಷಯ ಅದು, ಹೇಳುವ ಅಗತ್ಯವಿಲ್ಲ ಎಂದು ನಾನೂ ಅಂದುಕೊಂಡಿದ್ದವಳೇ. ಗೊತ್ತಿದೆ ಎಂದುಕೊಂಡದ್ದನ್ನೇ ಬಾಯಿಬಿಟ್ಟು ಹೇಳಬೇಕು ಎಂಬುದನ್ನು ಈ ಕೆಲಸ ನನಗೆ ಕಲಿಸಿತು.

ಬಹಳ ಜನ ನಗುತ್ತಾರೆ. "ಅಷ್ಟೂ ಗೊತ್ತಿಲ್ವಾ ಸಿಸ್ಟರ್ ನಮ್ಗೆ?" ಎನ್ನುತ್ತಾರೆ. ನಾನೂ ನಗುತ್ತೇನೆ.

ಒಬ್ಬಿಬ್ಬರು ನಗುವುದಿಲ್ಲ. ತಲೆ ತಿರುಗಿಸಿ, ಜೊತೆಯಲ್ಲಿ ಬಂದವರ ಮುಖ ನೋಡುತ್ತಾರೆ.